ಕ್ಯೂಎಮುವಿನಲ್ಲಿ ಓಡುವ ವರ್ಟಿಯೊ ಡ್ರೈವರ್ ಕೆವಿಎಂ ಹಾಕಿದ ಕೂಡಲೇ ನಿಲ್ಲುತ್ತದೆ. ಯಾಕೆ?

ಬಸವನಗುಡಿ_ಬೂಟ್

ಎಲ್ಲರಿಗೂ ನಮಸ್ಕಾರ. 64 ಬಿಟ್ ಆರ್ಮ್ ಪ್ರೊಸೆಸರ್‌ಗೆ ಒಂದು ಚಿಕ್ಕ ಬೂಟ್ ಫರ್ಮ್‌ವೇರ್ ಬರೆಯುತ್ತಿದ್ದೇನೆ. ಕ್ಯೂಎಮು (ಇಡೀ ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಪ್ರೋಗ್ರಾಂ) ಕೊಡುವ ವರ್ಟ್ ಎಂಬ ವರ್ಚುವಲ್ ಮಷೀನ್ ಮೇಲೆ. ಡಿಸ್ಕ್‌ನಿಂದ ಕರ್ನಲ್ ಓದಬೇಕು, ಮೆಮೊರಿಗೆ ಹಾಕಬೇಕು, ಅಲ್ಲಿಗೆ ಜಿಗಿಯಬೇಕು. ಅಷ್ಟೇ ಕೆಲಸ. ಡಿಸ್ಕ್ ಅಂದರೆ ವರ್ಟಿಯೊ ಬ್ಲಾಕ್, ವರ್ಚುವಲ್ ಮಷೀನ್‌ಗಳಿಗೆಂದೇ ಮಾಡಿದ ವರ್ಟಿಯೊ ಸ್ಪೆಕ್‌ನ ಡಿಸ್ಕ್. ಪಿಸಿಐ ಬಸ್ ಎಲ್ಲ ಬರೆಯೋದು ಜಾಸ್ತಿ ಆಗುತ್ತದೆ ಅಂತ ಎಂಎಂಐಒ ದಾರಿ (ಡಿವೈಸ್‌ನ ರಿಜಿಸ್ಟರ್‌ಗಳನ್ನು ಮೆಮೊರಿ ವಿಳಾಸದಂತೆ ಓದಿ ಬರೆಯೋದು) ಹಿಡಿದೆ.

ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆನ್ನಾಗಿ ಓಡುತ್ತದೆ. ಅದೇ ಬೈನರಿಯನ್ನು ರಾಸ್‌ಬೆರಿ ಪೈ 4 ಬೋರ್ಡ್ ಮೇಲೆ ಕೆವಿಎಂ (ಅನುಕರಣೆ ಬಿಟ್ಟು ನಿಜವಾದ ಸಿಪಿಯು ಮೇಲೇ ಓಡಿಸುವ ಲಿನಕ್ಸ್ ಸೌಲಭ್ಯ) ಹಾಕಿ ಓಡಿಸಿದರೆ ಕಥೆ ಬೇರೆ. ಓ2 ಬಿಲ್ಡ್ (ಕಂಪೈಲರ್ ವೇಗಕ್ಕಾಗಿ ಕೋಡ್ ಬದಲಿಸಿದ್ದು) ಆದರೆ ಡಿಸ್ಕ್ ವಿವರ ಇರುವ ಕಾನ್ಫಿಗ್ ಜಾಗ ಓದುವಾಗಲೇ ಡೇಟಾ ಅಬಾರ್ಟ್, ಅಂದರೆ ಮೆಮೊರಿ ಓದಿನ ದೋಷ. ಹಾಗೆ ಬದಲಿಸದ ಓ0 ಬಿಲ್ಡ್ ಆದರೆ ಅದನ್ನು ದಾಟುತ್ತದೆ. ಕ್ಯೂನಲ್ಲಿ ರಿಕ್ವೆಸ್ಟ್ ಇಡುತ್ತೇನೆ, ಡಿವೈಸ್‌ಗೆ ತಿಳಿಸೋಕೆ ಕ್ಯೂ ನೋಟಿಫೈ ಬರೆಯುತ್ತೇನೆ, ಆಮೇಲೆ ಯೂಸ್ಡ್ ಇಂಡೆಕ್ಸ್ (ಡಿವೈಸ್ ಮುಗಿಸಿದ ರಿಕ್ವೆಸ್ಟ್‌ಗಳ ಎಣಿಕೆ) ಸೊನ್ನೆಯಿಂದ ಕದಲುವುದೇ ಇಲ್ಲ.

ಮ್ಯಾಜಿಕ್ ವ್ಯಾಲ್ಯೂ ಸರಿಯಾಗಿ ಹೆಕ್ಸ್ 74726976 ಬರುತ್ತದೆ. ಡಿವೈಸ್ ಐಡಿ 2, ಅಂದರೆ ಬ್ಲಾಕ್. ರಿಜಿಸ್ಟರ್ ಪಾಯಿಂಟರ್‌ಗಳೆಲ್ಲ ವೊಲಟೈಲ್. ಎರಡೂ ಕಡೆ ಡಿವೈಸ್ ಅಂದರೆ ಅದೇ ಕ್ಯೂಎಮು ಕೋಡ್ ತಾನೆ? ಮತ್ತೆ ಯಾಕೆ ಹೀಗೆ?

ಮಂಡ್ಯ_ಮೆಮೊರಿ

ವರ್ಷನ್ ರಿಜಿಸ್ಟರ್‌ನಲ್ಲಿ 1 ಬರ್ತಿದೆಯಾ, 2 ಬರ್ತಿದೆಯಾ? ಮೊದಲು ಅದು ಹೇಳಿ.

ಬಸವನಗುಡಿ_ಬೂಟ್

2. ಫೋರ್ಸ್-ಲೆಗಸಿ ಫಾಲ್ಸ್ ಅಂತ ಕೊಟ್ಟೇ ಓಡಿಸುತ್ತಿದ್ದೇನೆ.

ರಾಗಿಮುದ್ದೆ_ರಿಸ್ಕ್

ಒಳ್ಳೇದು. ಬಹಳ ಜನ ಅಲ್ಲೇ ಬೀಳ್ತಾರೆ. ವರ್ಟಿಯೊ ಎಂಎಂಐಒ ಮಾತ್ರ ಕ್ಯೂಎಮುವಿನಲ್ಲಿ ಸುಮ್ನೆ ಬಿಟ್ಟರೆ ಈಗಲೂ ಹಳೆಯ ಲೆಗಸಿ ರೂಪದಲ್ಲೇ ಬರುತ್ತದೆ. ಆಗ ವರ್ಷನ್ 1. ಕ್ಯೂ ವಿಳಾಸವನ್ನು ಪೇಜ್ ನಂಬರ್ ಆಗಿ ಒಂದೇ ರಿಜಿಸ್ಟರ್‌ಗೆ ಕೊಡಬೇಕು, ಪೇಜ್ ಗಾತ್ರವನ್ನೂ ಮೊದಲೇ ಹೇಳಿರಬೇಕು. ವರ್ಷನ್ 2ರಲ್ಲಿ ಕ್ಯೂನ ಭಾಗಗಳಾದ ಡಿಸ್ಕ್ರಿಪ್ಟರ್ (ಬಫರ್ ವಿವರ), ಅವೇಲ್ (ಡ್ರೈವರ್ ಇಟ್ಟ ರಿಕ್ವೆಸ್ಟ್), ಯೂಸ್ಡ್ (ಡಿವೈಸ್ ಮುಗಿಸಿದ್ದು) ಮೂರಕ್ಕೂ ಬೇರೆ ಬೇರೆ ವಿಳಾಸ, ಅದೂ ಕೆಳಗಿನ 32 ಬಿಟ್ ಒಂದು ಕಡೆ, ಮೇಲಿನ 32 ಬಿಟ್ ಇನ್ನೊಂದು ಕಡೆ. ಸ್ಪೆಕ್‌ನ ಹೊಸ ಅಧ್ಯಾಯ ಓದಿ ಹಳೆಯ ಡಿವೈಸ್ ಜೊತೆ ಮಾತಾಡಿದರೆ ಏನೂ ಆಗಲ್ಲ.

ಆದರೆ ನಿಮ್ಮ ಸಮಸ್ಯೆ ಅದಲ್ಲ. ನನಗೆ ಬ್ಯಾರಿಯರ್ (ಮೆಮೊರಿ ಓದು-ಬರಹದ ಕ್ರಮ ಕಾಯುವ ಇನ್‌ಸ್ಟ್ರಕ್ಷನ್) ಮೇಲೆ ಅನುಮಾನ. ಅವೇಲ್ ಇಂಡೆಕ್ಸ್ ಏರಿಸುವ ಮೊದಲು ಆರ್ಮ್‌ನ ಬ್ಯಾರಿಯರ್ ಡಿಎಂಬಿ ಹಾಕಿದ್ದೀರಾ? ಇಂಟೆಲ್ ಹೋಸ್ಟ್‌ನಲ್ಲಿ ಸ್ಟೋರ್‌ಗಳು ಕ್ರಮವಾಗಿಯೇ ಕಾಣುತ್ತವೆ, ಆದ್ದರಿಂದ ಬ್ಯಾರಿಯರ್ ಮರೆತರೂ ಗೊತ್ತಾಗಲ್ಲ. ಆರ್ಮ್ ಹಾಗಲ್ಲ.

ಬಸವನಗುಡಿ_ಬೂಟ್

ಹಾಕಿದ್ದೇನೆ. ಡಿಸ್ಕ್ರಿಪ್ಟರ್ ಬರೆದು ರಿಂಗ್‌ಗೆ ಹಾಕಿದ ಮೇಲೆ ಒಂದು, ಇಂಡೆಕ್ಸ್ ಏರಿಸಿದ ಮೇಲೆ ನೋಟಿಫೈ ಮುಂಚೆ ಇನ್ನೊಂದು.

ಎಸ್ಪಿರೋಡ್_ಸೋಲ್ಡರ್

ಇದೇ ನಾನು ಯಾವಾಗಲೂ ಹೇಳೋದು. ನಿಜವಾದ ಬೋರ್ಡ್ ಹಿಡೀರಿ. ಈ ವರ್ಚುವಲ್ ಡಿವೈಸ್‌ಗೆ ಡ್ರೈವರ್ ಬರೆದು ಏನು ಪ್ರಯೋಜನ? ಕೆವಿಎಂ ಬಗ್ ಇರಬೇಕು, ಬಿಡಿ.

ಕೆಂಗೇರಿ_ಕರ್ನಲ್

ಕೆವಿಎಂ ಬಗ್ ಅಲ್ಲ. ಎರಡು ಬೇರೆ ಬೇರೆ ಸಮಸ್ಯೆ ಒಟ್ಟಿಗೆ ಬಂದಿವೆ. ಒಂದೊಂದಾಗಿ ನೋಡೋಣ.

ಮೊದಲು ಓ2 ಅಬಾರ್ಟ್. ಕಾನ್ಫಿಗ್ ಜಾಗವನ್ನು ಹೇಗೆ ಓದುತ್ತಿದ್ದೀರಿ? ಮೆಮ್‌ಕಾಪಿ ಅಲ್ವಾ? ಡಿಸ್‌ಅಸೆಂಬ್ಲಿ ತೆಗೆದು ನೋಡಿ. ಅಲ್ಲಿ ಎಲ್‌ಡಿಪಿ (ಎರಡು ರಿಜಿಸ್ಟರ್‌ಗೆ ಒಟ್ಟಿಗೆ ಓದುವ ಇನ್‌ಸ್ಟ್ರಕ್ಷನ್) ಇರುತ್ತದೆ, ಇಲ್ಲವೇ ಓದಿದ ಮೇಲೆ ವಿಳಾಸವನ್ನೂ ಏರಿಸುವ ಪೋಸ್ಟ್-ಇಂಡೆಕ್ಸ್ ಲೋಡ್ ಇರುತ್ತದೆ.

ಇದು ಯಾಕೆ ತೊಂದರೆ ಅಂದರೆ, ಕೆವಿಎಂನಲ್ಲಿ ಎಂಎಂಐಒ ವಿಳಾಸ ಮುಟ್ಟಿದ ಕೂಡಲೇ ಸಿಪಿಯು ಗೆಸ್ಟನ್ನು (ಒಳಗೆ ಓಡುವ ವರ್ಚುವಲ್ ಮಷೀನ್) ನಿಲ್ಲಿಸಿ ಹೈಪರ್‌ವೈಸರ್‌ಗೆ, ಅಂದರೆ ಕೆವಿಎಂಗೆ, ಟ್ರ್ಯಾಪ್ ಆಗುತ್ತದೆ. ಯಾವ ರಿಜಿಸ್ಟರ್, ಎಷ್ಟು ಬೈಟ್, ಓದೋದಾ ಬರೆಯೋದಾ ಅನ್ನೋದನ್ನು ಹಾರ್ಡ್‌ವೇರೇ ಸಿಂಡ್ರೋಮ್ ರಿಜಿಸ್ಟರ್‌ನಲ್ಲಿ ತುಂಬಿಕೊಡುತ್ತದೆ. ಆದರೆ ಅದು ಸಾದಾ ಲೋಡ್ ಸ್ಟೋರ್‌ಗೆ ಮಾತ್ರ. ಒಂದೇ ಸಾಮಾನ್ಯ ರಿಜಿಸ್ಟರ್, ವಿಳಾಸ ಏರಿಸುವ ರೈಟ್‌ಬ್ಯಾಕ್ ಇಲ್ಲ, ಹಾಗಿದ್ದರೆ ಮಾತ್ರ ಸಿಂಡ್ರೋಮ್ ಪೂರ್ತಿ. ಎಲ್‌ಡಿಪಿ, ಪೋಸ್ಟ್-ಇಂಡೆಕ್ಸ್, ವೆಕ್ಟರ್ ಲೋಡ್ ಇವಕ್ಕೆಲ್ಲ ಆ ಮಾಹಿತಿ ಸಿಗಲ್ಲ. ಆರ್ಮ್ ಕೆವಿಎಂ ಇನ್‌ಸ್ಟ್ರಕ್ಷನ್ ಡಿಕೋಡ್ ಮಾಡುವ ಗೋಜಿಗೆ ಹೋಗಲ್ಲ. ಹಳೆಯ ಕ್ಯೂಎಮು ಆದರೆ ಕೆವಿಎಂ ರನ್ ಫೇಲ್ಡ್ ಅಂತ ಸತ್ತೇ ಹೋಗುತ್ತದೆ. ಹೊಸದು ಗೆಸ್ಟ್‌ಗೇ ಎಕ್ಸ್‌ಟರ್ನಲ್ ಅಬಾರ್ಟ್ ಕೊಡುತ್ತದೆ. ನೀವು ನೋಡಿದ್ದು ಅದನ್ನೇ.

ಲ್ಯಾಪ್‌ಟಾಪ್‌ನಲ್ಲಿ ಯಾಕೆ ಓಡಿತು? ಅಲ್ಲಿ ಕೆವಿಎಂ ಇಲ್ಲ, ಕ್ಯೂಎಮುವಿನ ಅನುವಾದಕ ಟಿಸಿಜಿ ಪ್ರತಿ ಇನ್‌ಸ್ಟ್ರಕ್ಷನ್ನನ್ನೂ ತಾನೇ ಅನುವಾದ ಮಾಡಿ ಓಡಿಸುತ್ತದೆ. ಎಲ್‌ಡಿಪಿ ಅಂದರೇನು ಅಂತ ಅದಕ್ಕೆ ಗೊತ್ತೇ ಇರುತ್ತದೆ. ಓ0ದಲ್ಲಿ ಮೆಮ್‌ಕಾಪಿ ಬೈಟ್ ಬೈಟಾಗಿ ಸಾದಾ ಲೋಡ್ ಮಾಡುತ್ತದೆ, ಅದಕ್ಕೇ ದಾಟಿತು.

ರಿಜಿಸ್ಟರ್_ರಾಣಿ

ಕೆಂಗೇರಿಯವರು ಹೇಳಿದ್ದು ಪೂರ್ತಿ ಸರಿ. ಇದಕ್ಕೆ ದೊಡ್ಡ ಫರ್ಮ್‌ವೇರ್‌ಗಳೂ ಮದ್ದು ಮಾಡಿಕೊಂಡಿವೆ. ಇಡಿಕೆ2ನಲ್ಲಿ ಐಒ ಲೈಬ್ರರಿಗೆ ಆರ್ಮ್‌ವರ್ಟ್ ಅಂತಲೇ ಒಂದು ಬೇರೆ ರೂಪ ಇದೆ. ಅದರಲ್ಲಿ ಎಂಎಂಐಒ ಓದು-ಬರಹ ಎಲ್ಲ ಅಸೆಂಬ್ಲಿಯಲ್ಲಿ ಬರೆದಿದ್ದಾರೆ, ಕಂಪೈಲರ್ ಕೈಗೆ ಬಿಟ್ಟಿಲ್ಲ. ಲಿನಕ್ಸ್‌ನಲ್ಲೂ 64 ಬಿಟ್ ಆರ್ಮ್‌ನ ಎಂಎಂಐಒ ಫಂಕ್ಷನ್‌ಗಳಾದ ರೀಡ್-ಎಲ್, ರೈಟ್-ಎಲ್ ಇನ್‌ಲೈನ್ ಅಸೆಂಬ್ಲಿಯೇ.

ವೊಲಟೈಲ್ ಅಂತ ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಬೇಡ. ವೊಲಟೈಲ್ ಕಂಪೈಲರ್‌ಗೆ ಹೇಳೋದು ಈ ಓದನ್ನು ಬಿಡಬೇಡ, ಎರಡು ಸಲ ಮಾಡಬೇಡ ಅಂತ ಮಾತ್ರ. ಯಾವ ಇನ್‌ಸ್ಟ್ರಕ್ಷನ್ ಬಳಸಬೇಕು ಅಂತ ಹೇಳಲ್ಲ. ಮೆಮ್‌ಕಾಪಿಗೆ ಕೊಡುವಾಗ ಅಂತೂ ಆ ವೊಲಟೈಲ್ ಕಳಚಿ ಬಿದ್ದೇ ಹೋಗುತ್ತದೆ.

ಇನ್ನೊಂದು. ಸ್ಪೆಕ್ ಪ್ರಕಾರವೂ ಅಲ್ಲಿ ಮೆಮ್‌ಕಾಪಿ ಸರಿ ಅಲ್ಲ. ಕಂಟ್ರೋಲ್ ರಿಜಿಸ್ಟರ್‌ಗಳನ್ನು 32 ಬಿಟ್ ಅಗಲದಲ್ಲೇ ಮುಟ್ಟಬೇಕು. ಹೆಕ್ಸ್ 100ರಿಂದ ಶುರುವಾಗುವ ಕಾನ್ಫಿಗ್ ಜಾಗದಲ್ಲಿ 8 ಬಿಟ್ ಫೀಲ್ಡ್‌ಗೆ 8 ಬಿಟ್, 16ಕ್ಕೆ 16, 32 ಮತ್ತು 64 ಎರಡಕ್ಕೂ 32 ಬಿಟ್ ಓದು. ಡಿಸ್ಕ್ ಗಾತ್ರ 64 ಬಿಟ್, ಎರಡು ಓದು ಬೇಕು. ಆ ಎರಡರ ಮಧ್ಯೆ ಗಾತ್ರ ಬದಲಾದರೆ? ಅದಕ್ಕೇ ಕಾನ್ಫಿಗ್ ಜನರೇಶನ್ ರಿಜಿಸ್ಟರ್ ಇರೋದು. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿ. ಬೇರೆ ಬಂದರೆ ಮತ್ತೆ ಓದಿ.

ಬಸವನಗುಡಿ_ಬೂಟ್

ಡಿಸ್‌ಅಸೆಂಬ್ಲಿ ನೋಡಿದೆ. ಹೌದು, ಎಲ್‌ಡಿಪಿ ಅಲ್ಲೇ ಕೂತಿದೆ. ಓದು-ಬರಹ ಎಲ್ಲ ಇನ್‌ಲೈನ್ ಅಸೆಂಬ್ಲಿಗೆ ತಂದೆ. ಓ2 ಈಗ ಅಬಾರ್ಟ್ ಆಗಲ್ಲ. ಓ0 ನಿಲ್ಲುತ್ತಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಯೂಸ್ಡ್ ಇಂಡೆಕ್ಸ್ ಇನ್ನೂ ಸೊನ್ನೆ.

ಒಂದು ವಿಚಿತ್ರ. ಒಮ್ಮೆ ಹಾಗೇ ಬಿಟ್ಟು ಕಾಫಿಗೆ ಹೋಗಿದ್ದೆ, ವಾಪಸ್ ಬರುವಷ್ಟರಲ್ಲಿ ಮುಂದೆ ಹೋಗಿತ್ತು.

ಕೆಂಗೇರಿ_ಕರ್ನಲ್

ಆ ಕೊನೆಯ ಸಾಲಿನಲ್ಲೇ ಉತ್ತರ ಇದೆ. ನಿಮ್ಮ ಫರ್ಮ್‌ವೇರ್‌ನಲ್ಲಿ ಎಂಎಂಯು (ಪೇಜ್ ಟೇಬಲ್ ನೋಡಿ ವಿಳಾಸವನ್ನೂ ಮೆಮೊರಿಯ ಬಗೆಯನ್ನೂ ನಿರ್ಧರಿಸುವ ಘಟಕ) ಆನ್ ಮಾಡಿದ್ದೀರಾ?

ಬಸವನಗುಡಿ_ಬೂಟ್

ಇಲ್ಲ. ಚಿಕ್ಕ ಬೂಟ್‌ಲೋಡರ್‌ಗೆ ಪೇಜ್ ಟೇಬಲ್ ಯಾಕೆ ಅಂತ.

ಕೆಂಗೇರಿ_ಕರ್ನಲ್

ಕ್ಯೂಎಮು ಮಾನಿಟರ್‌ನಲ್ಲಿ ಎಕ್ಸ್‌ಪಿ ಕಮಾಂಡ್ ಹಾಕಿ ಯೂಸ್ಡ್ ರಿಂಗ್ ವಿಳಾಸ ನೋಡಿ. ಅಲ್ಲಿ ಇಂಡೆಕ್ಸ್ 1 ಅಂತ ಕಾಣುತ್ತದೆ, ನಿಮ್ಮ ಫರ್ಮ್‌ವೇರ್ ಅದೇ ವಿಳಾಸ ಓದಿದರೆ 0 ಅಂತ ಕಾಣುತ್ತದೆ. ನೋಡಿ ಹೇಳಿ.

ಬಸವನಗುಡಿ_ಬೂಟ್

ನೋಡಿದೆ. ಹಾಗೇ ಇದೆ! ಮಾನಿಟರ್‌ನಲ್ಲಿ 1, ಸೀರಿಯಲ್ ಪ್ರಿಂಟ್‌ನಲ್ಲಿ 0. ಒಂದೇ ವಿಳಾಸ.

ಹೊಸಬ_ಯಶವಂತಪುರ

ಒಂದೇ ವಿಳಾಸದಲ್ಲಿ ಎರಡು ಬೆಲೆ ಹೇಗೆ ಸಾಧ್ಯ? ನಾನು ಏಳನೇ ಸೆಮ್ ಇಸಿ. ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕೆಂಗೇರಿ_ಕರ್ನಲ್

ಆರ್ಮ್‌ನಲ್ಲಿ ಎಂಎಂಯು ಆಫ್ ಇದ್ದರೆ ಡೇಟಾ ಓದು-ಬರಹ ಎಲ್ಲ ಡಿವೈಸ್ ಮೆಮೊರಿ ಅಂತ ಲೆಕ್ಕ. ಅಂದರೆ ಕ್ಯಾಶ್ (ಸಿಪಿಯು ಬಳಿಯ ಚಿಕ್ಕ, ವೇಗದ ಮೆಮೊರಿ) ಬಳಸದೆ ನೇರ ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ಗೆ. ಆದರೆ ಕ್ಯೂಎಮು ಅನ್ನೋದು ಹೋಸ್ಟ್ ಲಿನಕ್ಸ್‌ನಲ್ಲಿ ಓಡುವ ಒಂದು ಸಾದಾ ಪ್ರೋಗ್ರಾಂ. ಗೆಸ್ಟ್‌ನ ಮೆಮೊರಿ ಅದಕ್ಕೆ ಸಾದಾ ಕ್ಯಾಶಬಲ್ ಮೆಮೊರಿ. ಅದು ಯೂಸ್ಡ್ ಇಂಡೆಕ್ಸ್‌ಗೆ 1 ಬರೆದಾಗ ಅದು ಕ್ಯಾಶ್ ಲೈನ್‌ನಲ್ಲಿ ಕೂರುತ್ತದೆ. ಡಿರ‍್ಯಾಮ್‌ನಲ್ಲಿ ಇನ್ನೂ 0. ಪಾರ್ಸೆಲ್ ಬಂತು ಅಂತ ವಾಚ್‌ಮನ್ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ, ನೀವು ಗೇಟಿನ ಬೋರ್ಡ್ ನೋಡುತ್ತ ನಿಂತಿದ್ದೀರಿ.

ಆ ಕ್ಯಾಶ್ ಲೈನ್ ಯಾವಾಗಲೋ ಜಾಗಕ್ಕಾಗಿ ಹೊರಗೆ ತಳ್ಳಿಸಿಕೊಂಡರೆ ಡಿರ‍್ಯಾಮ್‌ಗೆ 1 ಬರುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಆಗಿದ್ದು ಅದೇ. ಬ್ಯಾರಿಯರ್ ಎಷ್ಟು ಹಾಕಿದರೂ ಇದು ಸರಿ ಹೋಗಲ್ಲ. ಬ್ಯಾರಿಯರ್ ಕ್ರಮ ಕಾಯುತ್ತದೆ, ಕ್ಯಾಶ್ ತೊಳೆಯಲ್ಲ.

ಟಿಸಿಜಿಯಲ್ಲಿ ಕ್ಯಾಶ್ ಅನ್ನೋದೇ ಮಾಡೆಲ್ ಆಗಿಲ್ಲ. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಬರೋಕೆ ಸಾಧ್ಯವೇ ಇಲ್ಲ.

ಪರಿಹಾರ: ಎಂಎಂಯು ಆನ್ ಮಾಡಿ. ವಿಳಾಸ ಬದಲಿಸೋದು ಬೇಡ, ಐಡೆಂಟಿಟಿ ಮ್ಯಾಪ್ ಸಾಕು. 1 ಜಿಬಿ ಬ್ಲಾಕ್ ಎಂಟ್ರಿಗಳು ಒಂದೆರಡಿದ್ದರೆ ಆಯಿತು. ವರ್ಟ್ ಮಷೀನ್‌ನಲ್ಲಿ ರ‍್ಯಾಮ್ ಹೆಕ್ಸ್ 40000000ರಿಂದ. ಅದನ್ನು ನಾರ್ಮಲ್ ರೈಟ್-ಬ್ಯಾಕ್, ಅಂದರೆ ಕ್ಯಾಶಬಲ್, ಮಾಡಿ. ಅದಕ್ಕಿಂತ ಕೆಳಗಿನ 1 ಜಿಬಿ ಡಿವೈಸ್. ಡೇಟಾ ಕ್ಯಾಶ್ ಬಿಟ್ಟನ್ನೂ ಆನ್ ಮಾಡಿ.

ವೈಟ್‌ಫೀಲ್ಡ್_ವೇಫರ್

ಒಂದು ತಿದ್ದುಪಡಿ ಸೇರಿಸ್ತೀನಿ. ಇದು ಎಲ್ಲ ಆರ್ಮ್ ಚಿಪ್‌ನಲ್ಲೂ ಬರಲ್ಲ. ಆರ್ಮ್ ಆರ್ಕಿಟೆಕ್ಚರ್‌ನ 8.4 ಆವೃತ್ತಿಯಿಂದ ಸ್ಟೇಜ್ 2 ಫೋರ್ಸ್ ರೈಟ್-ಬ್ಯಾಕ್ ಅನ್ನೋ ಸೌಲಭ್ಯ ಬಂತು. ಗೆಸ್ಟ್ ಏನೇ ಹೇಳಲಿ, ಹೈಪರ್‌ವೈಸರ್ ಅದರ ರ‍್ಯಾಮನ್ನು ಕ್ಯಾಶಬಲ್ ಮಾಡಿಬಿಡಬಹುದು. ಕೆವಿಎಂ ಅದನ್ನು ಬಳಸುತ್ತದೆ. ಪೈ 4ರ ಕಾರ್ಟೆಕ್ಸ್ ಎ72 ಹಳೆಯ 8.0. ಪೈ 5ರ ಎ76 ಕೂಡ 8.2. ಎರಡರಲ್ಲೂ ಇಲ್ಲ. ಅಂದರೆ ಹೊಸ ಸರ್ವರ್‌ನಲ್ಲಿ ಪರೀಕ್ಷೆ ಮಾಡಿ ಪಾಸಾಯಿತು ಅಂದುಕೊಂಡವರು ಹಳೆಯ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಳ್ತಾರೆ.

ರಾಗಿಮುದ್ದೆ_ರಿಸ್ಕ್

ಆರ್ಮ್‌ಗೆ ಬದಲಾದ ಇನ್ನೊಂದು ಪ್ರೊಸೆಸರ್ ಬಗೆ ರಿಸ್ಕ್-ವಿನಲ್ಲಿ ಈ ಗೋಳಿಲ್ಲ. ಪೇಜಿಂಗ್ ಆಫ್ ಇದ್ದರೂ ರ‍್ಯಾಮ್ ರ‍್ಯಾಮೇ, ಡಿವೈಸ್ ಡಿವೈಸೇ. ಆ ಗುಣ ವಿಳಾಸಕ್ಕೇ ಅಂಟಿಕೊಂಡಿರುತ್ತದೆ. ಎಲ್ಲರೂ ಈ ಕಡೆ ಬನ್ನಿ.

ಕೆಂಗೇರಿ_ಕರ್ನಲ್

ಬಂದರೂ ಫೆನ್ಸ್ (ಅಲ್ಲಿನ ಬ್ಯಾರಿಯರ್) ಹಾಕಲೇಬೇಕು. ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಹೊಸಬ_ಯಶವಂತಪುರ

ಈಗ ಅರ್ಥವಾಯಿತು. ನಮ್ಮ ವಿಟಿಯು ಲ್ಯಾಬ್‌ನಲ್ಲಿ ಎಲ್‌ಪಿಸಿ2148 ಕಿಟ್. ಅದರಲ್ಲಿ ಜಿಪಿಐಒ ರಿಜಿಸ್ಟರ್‌ಗೆ ಬರೆದರೆ ಎಲ್‌ಇಡಿ ಹತ್ತುತ್ತದೆ, ಮುಗೀತು. ಕ್ಯಾಶ್ ಎಂಬ ಮಾತೇ ಬಂದಿರಲಿಲ್ಲ.

ರಿಜಿಸ್ಟರ್_ರಾಣಿ

ಬರೋದೂ ಇಲ್ಲ, ಯಾಕೆಂದರೆ ಅದು ಆರ್ಮ್7 ಟಿಡಿಎಂಐ. ಅದರಲ್ಲಿ ಎಂಎಂಯು ಇಲ್ಲ, ಡೇಟಾ ಕ್ಯಾಶೂ ಇಲ್ಲ. ಕಿಟ್ ಕೆಟ್ಟದ್ದು ಅಂತಲ್ಲ. ರಿಜಿಸ್ಟರ್ ಅಂದರೇನು ಅಂತ ಕಲಿಯೋಕೆ ಅದು ಚೆನ್ನಾಗಿದೆ. ಆದರೆ ಅಲ್ಲಿಂದ ನೇರ ಕೆಲಸಕ್ಕೆ ಬಂದವರು ಎಂಎಂಐಒ ಅಂದರೆ ಪಾಯಿಂಟರ್‌ಗೆ ಬರೆಯೋದು ಅಷ್ಟೇ ಅಂದುಕೊಂಡು ಬರ್ತಾರೆ. ನಮ್ಮ ತಂಡಕ್ಕೆ ಬರುವ ಹೊಸಬರಿಗೆ ನಾನು ಮೊದಲು ಕೊಡೋ ಕೆಲಸ ವರ್ಟಿಯೊ ಡ್ರೈವರ್ ಬರೆಯೋದು. ಸ್ಪೆಕ್ ಬಿಟ್ಟಿ, ಯಾರ ಗೌಪ್ಯತೆ ಒಪ್ಪಂದವೂ (ಎನ್‌ಡಿಎ) ಬೇಡ, ಬೋರ್ಡ್‌ಗೆ ಕಾಯಬೇಕಾಗಿಲ್ಲ. ಆದರೂ ಅದರಲ್ಲಿ ಡಿಎಂಎ (ಡಿವೈಸೇ ನೇರ ಮೆಮೊರಿ ಓದಿ ಬರೆಯೋದು), ರಿಂಗ್, ಹ್ಯಾಂಡ್‌ಶೇಕ್, ಇಂಟರಪ್ಟ್ ಎಲ್ಲ ಇದೆ.

ಎಸ್ಪಿರೋಡ್_ಸೋಲ್ಡರ್

ನಾನು ಒಪ್ಪಲ್ಲ. ನಿಜವಾದ ಹಾರ್ಡ್‌ವೇರ್ ಸಮಯ ತಗೊಳ್ಳುತ್ತದೆ, ಬಿಸಿಯಾಗುತ್ತದೆ, ಕೈ ಕೊಡುತ್ತದೆ. ವರ್ಚುವಲ್ ಡಿವೈಸ್ ನೋಟಿಫೈ ಬರೆದ ಮರುಕ್ಷಣ ಉತ್ತರ ಕೊಡುತ್ತದೆ. ಅದರ ಮೇಲೆ ಬರೆದ ಡ್ರೈವರ್‌ಗೆ ಕಾಯೋದು ಅಂದರೇನು ಅಂತಲೇ ಗೊತ್ತಿರಲ್ಲ. ಎಸ್‌ಪಿ ರೋಡ್‌ನಲ್ಲಿ ಒಂದು ಬೋರ್ಡ್ ತಗೊಂಡು ಎರಡು ವೈರ್ ಹಾಕಿ ನೋಡಿ, ಇನ್ನೂ ಬೇಗ ಕಲೀತೀರಿ.

ವೈಟ್‌ಫೀಲ್ಡ್_ವೇಫರ್

ಕಾಯುವ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಬೋರ್ಡೇ ಇಲ್ಲದಿದ್ದರೆ? ನಮ್ಮ ಕೆಲಸದಲ್ಲಿ ಚಿಪ್ ಫ್ಯಾಬ್‌ನಿಂದ (ಚಿಪ್ ತಯಾರಿಸುವ ಕಾರ್ಖಾನೆ) ಬರುವ ಎಷ್ಟೋ ತಿಂಗಳ ಮೊದಲೇ ಫರ್ಮ್‌ವೇರ್ ಸಿದ್ಧ ಇರಬೇಕು. ಬೆಂಗಳೂರಿನಲ್ಲಿ ಔಟರ್ ರಿಂಗ್ ರೋಡ್‌ನಿಂದ ವೈಟ್‌ಫೀಲ್ಡ್‌ವರೆಗೆ ಚಿಪ್ ಕೆಲಸ ಮಾಡುವ ಎಷ್ಟೋ ತಂಡಗಳು ಕೈಯಲ್ಲಿ ಸಿಲಿಕಾನ್ ಇಲ್ಲದೆಯೇ ಕೋಡ್ ಬರೆಯುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದ 1985ರಿಂದಲೂ ಈ ಊರಿನ ಚಿಪ್ ಕೆಲಸ ಹೆಚ್ಚಾಗಿ ಡಿಸೈನೇ. ಫ್ಯಾಬ್ ಬೇರೆ ಕಡೆ. ಆಗ ನಮಗಿರೋದು ನಾವೇ ಬರೆದ ವರ್ಚುವಲ್ ಡಿವೈಸ್.

ಅದಕ್ಕೇ ಹೇಳೋದು, ಮಾಡೆಲ್‌ನಲ್ಲೇ ತಡ ಮಾಡಿ. ಕ್ಯೂಎಮುವಿನಲ್ಲಿ ಸ್ವಂತ ಡಿವೈಸ್ ಬರೆಯುವಾಗ ರೀಡ್, ರೈಟ್ ಎರಡು ಫಂಕ್ಷನ್ ಕೊಟ್ಟರೆ ಅದು ಓಡುತ್ತದೆ. ಬಹಳ ಜನ ಅಲ್ಲಿಗೆ ನಿಲ್ಲಿಸಿಬಿಡ್ತಾರೆ. ಸ್ಟಾರ್ಟ್ ಬಿಟ್ ಬರೆದ ಕೂಡಲೇ ಡನ್ ಬಿಟ್ ಏರಿಸಿಬಿಡ್ತಾರೆ. ಫರ್ಮ್‌ವೇರ್‌ನ ಬಿಜಿ ಲೂಪ್ ಒಂದು ಸುತ್ತೂ ತಿರುಗಲ್ಲ. ಅಲ್ಲೊಂದು ಟೈಮರ್ ಹಾಕಿ. ಬಿಜಿ ಬಿಟ್ ನಿಜವಾಗಿ ಕಾಣಲಿ. ಯಾವ ಅಗಲದ ಓದು-ಬರಹ ಸರಿ ಅನ್ನೋದನ್ನೂ ವ್ಯಾಲಿಡ್ ಭಾಗದಲ್ಲಿ ಬರೆಯಿರಿ. ನಿಮ್ಮ ಚಿಪ್ 32 ಬಿಟ್ ಮಾತ್ರ ಒಪ್ಪುವುದಾದರೆ ಮಾಡೆಲ್ ಕೂಡ ಬೈಟ್ ಓದನ್ನು ತಿರಸ್ಕರಿಸಬೇಕು. ಧಾರಾಳವಾದ ಮಾಡೆಲ್ ಕೆಟ್ಟ ಡ್ರೈವರ್ ಬೆಳೆಸುತ್ತದೆ.

ವರ್ಟಿಯೊ ಬ್ಲಾಕ್‌ಗೆ ಏನೂ ಬರೆಯಬೇಕಾಗಿಲ್ಲ. ಡಿಸ್ಕ್ ಫೈಲ್ ಬದಲು ನಲ್-ಕೋ ಡ್ರೈವರ್ ಕೊಡಿ, ಅದಕ್ಕೆ ಲೇಟೆನ್ಸಿ ನ್ಯಾನೊಸೆಕೆಂಡ್‌ನಲ್ಲಿ ಕೊಡಬಹುದು. ದೋಷ ಬೇಕಾದರೆ ಬಿಎಲ್‌ಕೆ-ಡೀಬಗ್ ಇದೆ, ಇಂಥ ಓದಿಗೆ ಐಒ ಎರರ್ ಕೊಡು ಅಂತ ಹೇಳಬಹುದು. ರಿಕ್ವೆಸ್ಟ್‌ನ ಕೊನೆಯಲ್ಲಿ ಡಿವೈಸ್ ಬರೆಯುವ ಸ್ಟೇಟಸ್ ಬೈಟನ್ನು ನಿಮ್ಮ ಡ್ರೈವರ್ ನಿಜವಾಗಿ ನೋಡುತ್ತದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.

ಎಸ್ಪಿರೋಡ್_ಸೋಲ್ಡರ್

ನಲ್-ಕೋ ವಿಷಯ ಗೊತ್ತಿರಲಿಲ್ಲ. ಅದು ಒಳ್ಳೇದು. ತಡವನ್ನೂ ದೋಷವನ್ನೂ ಹಾಕಿ ಪರೀಕ್ಷೆ ಮಾಡಿದರೆ ನನ್ನ ಅರ್ಧ ತಕರಾರು ಹೋಗುತ್ತದೆ. ಇನ್ನರ್ಧ ಇದ್ದೇ ಇದೆ.

ಮಂಡ್ಯ_ಮೆಮೊರಿ

ಡಿವೈಸ್ ವಿಳಾಸ ಎಲ್ಲಿಂದ ತಗೊಂಡ್ರಿ? ಕೋಡ್‌ನಲ್ಲೇ ಬರೆದುಬಿಟ್ಟಿದ್ದೀರಾ?

ಬಸವನಗುಡಿ_ಬೂಟ್

ಸದ್ಯಕ್ಕೆ ಹೌದು. ವರ್ಟಿಯೊ ಡಿವೈಸ್‌ಗಳಿಗೆ ಮೀಸಲಾದ ಎಲ್ಲ ಸ್ಲಾಟ್‌ಗಳನ್ನೂ ಸಾಲಾಗಿ ನೋಡುತ್ತೇನೆ. ಇನ್ನೊಂದು ವಿಷಯ ಗಮನಿಸಿದೆ. ಒಂದೇ ಡಿಸ್ಕ್ ಕೊಟ್ಟರೂ ಅದು ಮೊದಲ ಸ್ಲಾಟ್‌ನಲ್ಲಿ ಇರಲ್ಲ, ಕೊನೆಯದರಲ್ಲಿ ಇರುತ್ತದೆ.

ರಿಜಿಸ್ಟರ್_ರಾಣಿ

ಅದು ಹಾಗೇ. ಆರ್ಮ್ ವರ್ಟ್‌ನಲ್ಲಿ 32 ಸ್ಲಾಟ್, ಒಂದೊಂದಕ್ಕೂ ಹೆಕ್ಸ್ 200 ಅಂತರ. ಕಮಾಂಡ್ ಲೈನ್‌ನಲ್ಲಿ ಮೊದಲು ಕೊಟ್ಟ ಡಿವೈಸ್ ಮೇಲಿನ ವಿಳಾಸಕ್ಕೆ ಹೋಗುತ್ತದೆ, ಆಮೇಲಿನವು ಕೆಳಕ್ಕೆ ಇಳಿಯುತ್ತ ಬರುತ್ತವೆ. ಕ್ಯೂಎಮು ಕೋಡ್‌ನಲ್ಲೇ ಇದಕ್ಕೆ ಉದ್ದದ ಕಾಮೆಂಟ್ ಇದೆ. ಖಾಲಿ ಸ್ಲಾಟ್‌ನಲ್ಲೂ ಮ್ಯಾಜಿಕ್ ಸರಿಯಾಗಿಯೇ ಬರುತ್ತದೆ, ಡಿವೈಸ್ ಐಡಿ ಮಾತ್ರ 0. ಅದು ದೋಷ ಅಲ್ಲ, ಸುಮ್ನೆ ಮುಂದೆ ಹೋಗಿ.

ಆದರೆ ವಿಳಾಸ ಕೋಡ್‌ನಲ್ಲಿ ಬರೆಯಬೇಡಿ. ಆರ್ಮ್ ವರ್ಟ್ ಬಗ್ಗೆ ಕ್ಯೂಎಮು ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. ಫ್ಲ್ಯಾಶ್ 0ಯಲ್ಲಿ, ರ‍್ಯಾಮ್ ಹೆಕ್ಸ್ 40000000ದಲ್ಲಿ. ಇವೆರಡನ್ನು ನಂಬಬಹುದು. ಉಳಿದದ್ದೆಲ್ಲ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಡಿವೈಸ್ ಟ್ರೀ (ಯಾವ ಡಿವೈಸ್ ಎಲ್ಲಿದೆ ಅಂತ ಹೇಳುವ ಪಟ್ಟಿ) ನೋಡಬೇಕು. ನಿಮ್ಮಂಥ ಫರ್ಮ್‌ವೇರ್‌ಗೆ ಆ ಟ್ರೀ ರ‍್ಯಾಮಿನ ಶುರುವಿನಲ್ಲೇ ಸಿಗುತ್ತದೆ. ಅದರಲ್ಲಿ ಕಂಪ್ಯಾಟಿಬಲ್ ಹೆಸರು ವರ್ಟಿಯೊ,ಎಂಎಂಐಒ ಅಂತ ಇರುವ ನೋಡ್‌ಗಳನ್ನು ಹುಡುಕಿ. ಹಾಗೆಯೇ ಆ ಟ್ರೀ ಮೇಲೆ ನಿಮ್ಮ ಸ್ಟ್ಯಾಕ್ ಬಂದು ಕೂರದಂತೆ ನೋಡಿಕೊಳ್ಳಿ.

ರಾಗಿಮುದ್ದೆ_ರಿಸ್ಕ್

ರಿಸ್ಕ್-ವಿ ವರ್ಟ್‌ನಲ್ಲಿ 8 ಸ್ಲಾಟ್, ಹೆಕ್ಸ್ 10001000ರಿಂದ. ಟ್ರೀ ವಿಳಾಸ ಎ1 ರಿಜಿಸ್ಟರ್‌ನಲ್ಲಿ ಬರುತ್ತದೆ. ಇಲ್ಲಿ ಬಹಳ ಜನ ವಿಳಾಸವನ್ನು ನೇರ ಕೋಡ್‌ನಲ್ಲೇ ಬರೀತಾರೆ, ಕಲಿಯೋಕೆ ಇರುವ ಪುಟ್ಟ ಆಪರೇಟಿಂಗ್ ಸಿಸ್ಟಂ ಎಕ್ಸ್‌ವಿ6 ಕೂಡ. ಕಲಿಯುವ ಕೋಡ್‌ಗೆ ಅದು ಸಾಕು ಅಂತ ನನ್ನ ಅಭಿಪ್ರಾಯ.

ರಿಜಿಸ್ಟರ್_ರಾಣಿ

ಕಲಿಯೋಕೆ ಸರಿ. ಬೇರೆಯವರು ಬಳಸುವ ಫರ್ಮ್‌ವೇರ್‌ಗೆ ಸರಿ ಅಲ್ಲ.

ಹೊಸಬ_ಯಶವಂತಪುರ

ಮಧ್ಯೆ ಬೇರೆ ಪ್ರಶ್ನೆ, ಕ್ಷಮಿಸಿ. ಹೀಗೆ ಕ್ಯೂಎಮು ಮೇಲೆ ಫರ್ಮ್‌ವೇರ್ ಬರೆದರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತಾ? ಇಂಟರ್ವ್ಯೂನಲ್ಲಿ ಹಾರ್ಡ್‌ವೇರ್ ಅನುಭವ ಇದೆಯಾ ಅಂತ ಕೇಳ್ತಾರಂತೆ.

ಮಂಡ್ಯ_ಮೆಮೊರಿ

ಸಿಗುತ್ತೆ. ಕೋಡ್ ತೋರಿಸಿ ಮಾತಾಡಿ.

ವೈಟ್‌ಫೀಲ್ಡ್_ವೇಫರ್

ನಾನು ಇಂಟರ್ವ್ಯೂ ತಗೋತೀನಿ, ಅದಕ್ಕೆ ಹೇಳ್ತೀನಿ. ಮೇಲಿನ ಕ್ಯಾಶ್ ಕಥೆಯನ್ನು ಯಾರಾದರೂ ತಮ್ಮ ಮಾತಲ್ಲಿ ಬಿಡಿಸಿ ಹೇಳಿದರೆ, ಯಾವ ಬೋರ್ಡ್ ಮೇಲೆ ಕೆಲಸ ಮಾಡಿದ್ದೀರಿ ಅಂತ ನಾನು ಕೇಳಲ್ಲ. ಯು-ಬೂಟ್ ಎಂಬ ಓಪನ್ ಸೋರ್ಸ್ ಬೂಟ್‌ಲೋಡರ್‌ನಲ್ಲಿ ವರ್ಟಿಯೊ ಡ್ರೈವರ್ ಇದೆ, ಓದಿ. ಕ್ಯೂಎಮುವಿನಲ್ಲೇ ಯು-ಬೂಟ್ ಓಡಿಸಿ, ವರ್ಟಿಯೊ ಸ್ಕ್ಯಾನ್, ವರ್ಟಿಯೊ ಇನ್ಫೊ ಹಾಕಿ ನೋಡಿ. ಆಮೇಲೆ ನಿಮ್ಮದು ಬರೆಯಿರಿ.

ಎಸ್ಪಿರೋಡ್_ಸೋಲ್ಡರ್

ಭಾನುವಾರ ಯಾರಾದರೂ ಜಯನಗರದ ಕಡೆ ಬಂದರೆ ಪೈ 4 ತರ್ತೀನಿ, ಹೊಸಬರು ಅದರ ಮೇಲೆ ಕೆವಿಎಂ ಓಡಿಸಿ ನೋಡಬಹುದು. ಹಳದಿ ಮೆಟ್ರೊ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಸುಲಭ ಆಗಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ನೆಪ ಇನ್ನು ಹೇಳಬೇಡಿ.

ಹೊಸಬ_ಯಶವಂತಪುರ

ಖಂಡಿತ ಬರ್ತೀನಿ ಸರ್.

ಬಸವನಗುಡಿ_ಬೂಟ್

ಅಪ್‌ಡೇಟ್. ಎಂಎಂಯು ಆನ್ ಮಾಡಿ ಐಡೆಂಟಿಟಿ ಮ್ಯಾಪ್ ಹಾಕಿದೆ. ಪೈ ಮೇಲೆ ಕೆವಿಎಂ ಜೊತೆ ಓ0, ಓ2 ಎರಡೂ ಓಡುತ್ತಿವೆ. ಕರ್ನಲ್ ಪೂರ್ತಿ ಮೆಮೊರಿಗೆ ಬರುತ್ತದೆ. ವೇಗವೂ ಜಾಸ್ತಿ ಆಗಿದೆ, ಕ್ಯಾಶ್ ಇಲ್ಲದೆ ಎಷ್ಟು ನಿಧಾನ ಇತ್ತು ಅಂತ ಈಗ ಕಾಣುತ್ತಿದೆ. ಕೆಂಗೇರಿ ಮತ್ತು ರಾಣಿ ಇಬ್ಬರಿಗೂ ಬಹಳ ಧನ್ಯವಾದ.

ಕೆಂಗೇರಿ_ಕರ್ನಲ್

ಸಂತೋಷ. ಕರ್ನಲ್‌ಗೆ ಜಿಗಿಯುವ ಮೊದಲು ಮತ್ತೆ ಎಂಎಂಯು ಆಫ್ ಮಾಡಬೇಕು, ಕರ್ನಲ್ ಇಟ್ಟ ಜಾಗವನ್ನು ಕ್ಯಾಶ್‌ನಿಂದ ಡಿರ‍್ಯಾಮ್‌ಗೆ ಕ್ಲೀನ್ ಮಾಡಬೇಕು. 64 ಬಿಟ್ ಆರ್ಮ್ ಲಿನಕ್ಸ್‌ನ ಬೂಟ್ ನಿಯಮ ಅದನ್ನೇ ಕೇಳುತ್ತದೆ. ಇಲ್ಲದಿದ್ದರೆ ಇದೇ ಸಮಸ್ಯೆ ತಿರುಗಿ ಕರ್ನಲ್‌ನ ಮೊದಲ ಇನ್‌ಸ್ಟ್ರಕ್ಷನ್‌ನಲ್ಲಿ ಬರುತ್ತದೆ.

ರಿಜಿಸ್ಟರ್_ರಾಣಿ

ಅದರ ಜೊತೆಗೆ ಡಿವೈಸನ್ನೂ ರೀಸೆಟ್ ಮಾಡಿ. ಸ್ಟೇಟಸ್ ರಿಜಿಸ್ಟರ್‌ಗೆ 0 ಬರೆದರೆ ಆಯಿತು. ಇದನ್ನು ಬಿಟ್ಟವರನ್ನು ಎಷ್ಟೋ ನೋಡಿದ್ದೇನೆ. ಬ್ಲಾಕ್‌ನಲ್ಲಿ ಬಾಕಿ ರಿಕ್ವೆಸ್ಟ್ ಇಲ್ಲದಿದ್ದರೆ ಹೇಗೋ ಬಚಾವಾಗಬಹುದು. ನೆಟ್‌ವರ್ಕ್ ಆದರೆ ಆಗಲ್ಲ. ಪ್ಯಾಕೆಟ್ ಬರಲಿ ಅಂತ ಫರ್ಮ್‌ವೇರ್ ಇಟ್ಟ ಬಫರ್‌ಗಳು ಡಿವೈಸ್ ಬಳಿ ಹಾಗೇ ಇರುತ್ತವೆ. ಅಷ್ಟರಲ್ಲಿ ಕರ್ನಲ್ ಆ ಮೆಮೊರಿಯನ್ನು ಬೇರೆ ಯಾವುದಕ್ಕೋ ಕೊಟ್ಟಿರುತ್ತದೆ. ಒಂದು ಬ್ರಾಡ್‌ಕಾಸ್ಟ್ ಪ್ಯಾಕೆಟ್ ಬಂತು ಅಂದರೆ ಕರ್ನಲ್ ಡೇಟಾ ಮೇಲೆ ಬರೆದುಬಿಡುತ್ತದೆ. ಎಲ್ಲೋ ಒಮ್ಮೆ ಬರುವ, ಯಾರಿಗೂ ಸಿಗದ ಕ್ರ್ಯಾಶ್. ಇಡಿಕೆ2ನ ವರ್ಟಿಯೊ ಡ್ರೈವರ್‌ಗಳು ಎಕ್ಸಿಟ್ ಬೂಟ್ ಸರ್ವಿಸಸ್ (ಕರ್ನಲ್‌ಗೆ ಮೆಷೀನ್ ಬಿಟ್ಟುಕೊಡುವ ಹಂತ) ಹೊತ್ತಿಗೆ ರೀಸೆಟ್ ಮಾಡೋದು ಇದಕ್ಕೇ.

ಬಸವನಗುಡಿ_ಬೂಟ್

ಸೇರಿಸಿದೆ. ನಾನು ಆರಿಸಿದ ಫೀಚರ್‌ಗಳನ್ನು ಡಿವೈಸ್ ಒಪ್ಪಿತಾ ಅಂತ ತಿಳಿಯೋಕೆ, ಫೀಚರ್ಸ್ ಓಕೆ ಬಿಟ್ ಬರೆದ ಮೇಲೆ ತಿರುಗಿ ಓದಿ ನೋಡೋದನ್ನೂ ಸೇರಿಸಿದೆ. ವರ್ಷನ್ 1 ಫೀಚರ್, ಅಂದರೆ 32ನೇ ಬಿಟ್, ಒಪ್ಪಿಕೊಳ್ಳೋದನ್ನೂ ಮರೆತಿಲ್ಲ.

ಇನ್ನೊಂದು ಪ್ರಶ್ನೆ. ರಿಕ್ವೆಸ್ಟ್ ಮುಗಿಯಿತಾ ಅಂತ ತಿಳಿಯೋಕೆ ಇಂಟರಪ್ಟ್ ಸ್ಟೇಟಸ್ ರಿಜಿಸ್ಟರ್ ಪೋಲ್ ಮಾಡಬೇಕಾ (ಪದೇ ಪದೇ ಓದಬೇಕಾ), ಯೂಸ್ಡ್ ಇಂಡೆಕ್ಸ್ ಪೋಲ್ ಮಾಡಿದರೆ ಸಾಕಾ?

ಕೆಂಗೇರಿ_ಕರ್ನಲ್

ಯೂಸ್ಡ್ ಇಂಡೆಕ್ಸ್. ಅದು ರ‍್ಯಾಮ್, ಎಷ್ಟು ಸಲ ಓದಿದರೂ ಗೆಸ್ಟ್‌ನಲ್ಲೇ ಇರ್ತೀರಿ. ಇಂಟರಪ್ಟ್ ಸ್ಟೇಟಸ್ ಎಂಎಂಐಒ, ಪ್ರತಿ ಓದಿಗೂ ಹೋಸ್ಟ್‌ಗೆ ಹೋಗಿ ಬರಬೇಕು. ಅಲ್ಲೇ ಸುತ್ತಿದರೆ ಕೆಲಸ ಮಾಡಬೇಕಾದ ಹೋಸ್ಟ್‌ಗೇ ತೊಂದರೆ ಕೊಟ್ಟಂತೆ. ಸೀರಿಯಲ್ ಪ್ರಿಂಟ್ ಕೂಡ ಅಷ್ಟೇ, ಒಂದೊಂದು ಅಕ್ಷರಕ್ಕೂ ಫ್ಲ್ಯಾಗ್ ಓದು, ಡೇಟಾ ಬರಹ, ಎರಡು ಟ್ರ್ಯಾಪ್. ಡೀಬಗ್ ಪ್ರಿಂಟ್ ಜಾಸ್ತಿ ಇದ್ದರೆ ಬೂಟ್ ನಿಧಾನ ಆಗೋದು ಅದಕ್ಕೇ.

ವೈಟ್‌ಫೀಲ್ಡ್_ವೇಫರ್

ಮುಂದೆ ಏನಾದರೂ ಕೆಟ್ಟರೆ ಪ್ರಿಂಟ್ ಹಾಕುವ ಮೊದಲು ಕ್ಯೂಎಮು ಟ್ರೇಸ್ ಆನ್ ಮಾಡಿ. ವರ್ಟಿಯೊ-ಎಂಎಂಐಒ ಅಂತ ಶುರುವಾಗುವ ಎಲ್ಲ ಟ್ರೇಸ್ ಹಾಕಿದರೆ ನಿಮ್ಮ ಫರ್ಮ್‌ವೇರ್ ಮುಟ್ಟಿದ ಪ್ರತಿ ರಿಜಿಸ್ಟರ್ ಸಾಲಾಗಿ ಬರುತ್ತದೆ. ಗೆಸ್ಟ್ ಎರರ್ ಲಾಗ್ ಕೂಡ ಆನ್ ಇರಲಿ. ನಿಜವಾದ ಚಿಪ್‌ನಲ್ಲಿ ಇಷ್ಟು ನೋಡೋಕೆ ಬೆಲೆಬಾಳುವ ಉಪಕರಣ ಬೇಕು. ಇಲ್ಲಿ ಬಿಟ್ಟಿ ಸಿಗುತ್ತದೆ.

ರಾಗಿಮುದ್ದೆ_ರಿಸ್ಕ್

ಲೆಗಸಿ ವರ್ಷನ್ 1 ಬೆಂಬಲ ಬಿಟ್ಟುಬಿಡ್ತೀರಾ? ಬಿಟ್ಟರೆ ಕೋಡ್ ಅರ್ಧ ಆಗುತ್ತದೆ. ವರ್ಟಿಯೊ 1.0 ಬಂದು ಎಷ್ಟೋ ವರ್ಷ ಆಯಿತು, ಇನ್ನೂ ಯಾಕೆ ಎಳೆಯಬೇಕು?

ಮಂಡ್ಯ_ಮೆಮೊರಿ

ಬಿಡಬೇಡಿ. ಫೋರ್ಸ್-ಲೆಗಸಿ ಫಾಲ್ಸ್ ಆಪ್ಶನ್ ಕೊಡದೆ ಓಡಿಸೋರೇ ಜಾಸ್ತಿ.

ಬಸವನಗುಡಿ_ಬೂಟ್

ಇಟ್ಟುಕೊಳ್ಳುತ್ತೇನೆ. ಕ್ಯೂಎಮುವನ್ನು ಸುಮ್ನೆ ಓಡಿಸಿದವರಿಗೆ ಡಿಸ್ಕ್ ಕಾಣದೇ ಹೋದರೆ ಅವರು ಫರ್ಮ್‌ವೇರನ್ನೇ ಬೈಯುತ್ತಾರೆ. ಯು-ಬೂಟ್ ಕೂಡ ಎರಡನ್ನೂ ನೋಡಿಕೊಳ್ಳುತ್ತದೆ. ವ್ಯತ್ಯಾಸ ಇರೋದು ಕ್ಯೂ ಸಿದ್ಧ ಮಾಡುವ ಒಂದು ಫಂಕ್ಷನ್‌ನಲ್ಲಿ ಮತ್ತು ಫೀಚರ್ ಒಪ್ಪಂದದಲ್ಲಿ ಮಾತ್ರ. ರಿಂಗ್ ನಡೆಸುವ ಕೋಡ್ ಒಂದೇ. ಯೂಸ್ಡ್ ರಿಂಗ್ ಪೇಜ್ ಗಡಿಯಲ್ಲಿ ಶುರುವಾಗುವಂತೆ ಇಟ್ಟರೆ ಎರಡಕ್ಕೂ ಸರಿ ಹೋಗುತ್ತದೆ. ಡಿವೈಸ್ ಟ್ರೀ ಓದುವ ಭಾಗ ಮುಗಿಸಿ, ನಲ್-ಕೋ ತಡ ಹಾಕಿ ಓಡಿಸಿ, ಪೂರ್ತಿ ಕೋಡ್ ಇಲ್ಲೇ ಹಾಕುತ್ತೇನೆ. ಪೈ 5 ಇದ್ದವರು ಓಡಿಸಿ ಹೇಳಿ.